ಹೆಸರು ಹೊತ್ತ ತಪ್ಪು

ಹಳೇಬೀಡಿನ ಮಗ್ಗುಲಲ್ಲಿರುವ ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ಗಂಗರಾಜನ ಮಗ ಬೊಪ್ಪನು ಕಟ್ಟಿಸಿದನು. ಅಲ್ಲಿಯ ಬಳಪದ ಕಲ್ಲಿನ ಕಂಬಗಳ ಹೊಳಪು ಎಂತಹುದೆಂದರೆ ಎದುರು ನಿಂತವರ ಮುಖವೇ ಅವುಗಳಲ್ಲಿ ಮೂಡುತ್ತದೆ. ಈ ಸೀಮೆಯ ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಟ್ಟು, ಬೇಸಿಗೆ ಬಂತೆಂದರೆ ಎಸ್.ಎಸ್.ಎಲ್.ಸಿ. ಉತ್ತರಪತ್ರಿಕೆಗಳನ್ನು ತಿದ್ದಲು ಹೋಗುತ್ತಿದ್ದ ನನಗೆ, ಆ ಕಂಬಗಳು ಒಂದು ತಪ್ಪುತ್ತರದೊಡನೆ ನೆನಪಾಗುತ್ತವೆ.

‘ಎಲ್ಲ ಆಮ್ಲಗಳಲ್ಲಿಯೂ ಆಮ್ಲಜನಕವಿದೆ.’ ವರ್ಷ ವರ್ಷವೂ ಈ ವಾಕ್ಯ ನನ್ನೆದುರು ಬರುತ್ತಿತ್ತು. ಬರೆದವರು ದಡ್ಡರಲ್ಲ; ಸಮೀಕರಣಗಳನ್ನು ಸರಿಯಾಗಿ ತೂಗಿಸಿದವರೇ. ನಾನು ಕೆಂಪು ಗೆರೆ ಎಳೆದು ಪುಟ ತಿರುವುತ್ತಿದ್ದೆ.

ಈ ತಪ್ಪಿಗೆ ದೊಡ್ಡ ವಂಶವೇ ಇದೆ. ಗಂಧಕ, ರಂಜಕಗಳು ಉರಿದಾಗ ಉಂಟಾಗುವ ವಸ್ತುಗಳು ನೀರಿನೊಡನೆ ಆಮ್ಲವಾಗುವುದನ್ನು ಕಂಡ ಫ್ರಾನ್ಸಿನ ಲಾವೋಸಿಯೆ, ಉರಿಯಲು ನೆರವಾಗುವ ಅನಿಲವೇ ಆಮ್ಲಗಳ ತಾಯಿಯೆಂದು ಬಗೆದನು. ಗ್ರೀಕ್ ಮಾತುಗಳನ್ನು ಕೂಡಿಸಿ ಅದಕ್ಕೆ ‘ಆಮ್ಲವನ್ನು ಹುಟ್ಟಿಸುವುದು’ ಎಂಬರ್ಥದ ಹೆಸರಿಟ್ಟನು. 1794ರಲ್ಲಿ ಅವನು ಗಿಲೊಟಿನ್ನಿಗೆ ಬಲಿಯಾದನು. 1810ರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿ, ಇಂದು ನಾವು ಹೈಡ್ರೋಕ್ಲೋರಿಕ್ ಆಮ್ಲವೆನ್ನುವುದರಲ್ಲಿ ಇರುವುದು ಜಲಜನಕ ಮತ್ತು ಕ್ಲೋರಿನ್ ಮಾತ್ರವೆಂದು ಸಾರಿದನು. ಮುಂದೆ ಅರೀನಿಯಸ್, ನೀರಿನಲ್ಲಿ ಜಲಜನಕದ ಅಯಾನು ಕೊಡುವುದೇ ಆಮ್ಲದ ಗುಣವೆಂದನು. ಸಿದ್ಧಾಂತ ಬಿದ್ದಿತು, ಹೆಸರು ನಿಂತಿತು. ಆ ಹೆಸರನ್ನೇ ನಾವು ಕನ್ನಡಕ್ಕೆ ‘ಆಮ್ಲಜನಕ’ವೆಂದು ತಂದುಕೊಂಡೆವು. ಆಮ್ಲಕ್ಕೆ ನಿಜವಾದ ಜನಕ, ನಾವು ‘ಜಲಜನಕ’ವೆಂದು ಕರೆಯುವ ಇನ್ನೊಂದು ಧಾತು!

ಒಂದು ಮಧ್ಯಾಹ್ನ ಇಂತಹುದೇ ಉತ್ತರದ ಮೇಲೆ ಗೆರೆ ಎಳೆಯುತ್ತಿದ್ದಾಗ ನನ್ನ ಕೈ ತಡೆಯಿತು. ‘ಆಮ್ಲಕ್ಕೆ ಜನಕ, ಆದ್ದರಿಂದ ಆಮ್ಲಜನಕ’ ಎಂದು ತರಗತಿಯಲ್ಲಿ ಪದವನ್ನು ಬಿಡಿಸಿ, ಅಂಥ ವಿವರಣೆಗಾಗಿ ಹೆಮ್ಮೆಪಟ್ಟವನು ನಾನೇ ಅಲ್ಲವೆ? ಹುಡುಗ ಪದವನ್ನು ನಂಬಿದ್ದ, ಮೇಷ್ಟರನ್ನೂ ನಂಬಿದ್ದ. ಬಸದಿಯ ಕಂಬದಲ್ಲೆಂಬಂತೆ ಅವನ ತಪ್ಪಿನಲ್ಲಿ ನನ್ನ ಮುಖವೇ ಕಂಡಿತು.

ಮರುವರ್ಷದಿಂದ ಪಾಠವನ್ನು ಲಾವೋಸಿಯೆಯ ತಪ್ಪಿನಿಂದಲೇ ಆರಂಭಿಸಿದೆ. ಅಷ್ಟು ದೊಡ್ಡ ವಿಜ್ಞಾನಿಯೂ ಇಲ್ಲಿ ಎಡವಿದನೆಂದು ತಿಳಿದಾಗ ಮಕ್ಕಳಿಗೆ ಸಂಕೋಚ ಕಳೆಯುತ್ತಿತ್ತು, ಪ್ರಶ್ನೆ ಹುಟ್ಟುತ್ತಿತ್ತು. ಆದರೆ ನಾನು ಮೊದಲು ತಿದ್ದಿದ ಆ ಉತ್ತರಪತ್ರಿಕೆಗಳು? ಅವುಗಳ ಅಂಕಗಳು ಮಾತ್ರ ಊರು ಸೇರಿದವು. ತಪ್ಪು ಯಾವ ದಾರಿಯಿಂದ ಬಂದಿತೆಂಬ ಮಾತು ಯಾವ ಮೇಷ್ಟರನ್ನೂ ತಲುಪದೆ, ದಾರ ಕಟ್ಟಿದ ಕಂತೆಗಳಲ್ಲಿಯೇ ಉಳಿಯಿತು.