ಸಂಚಾರಿ ಕಾರ್ಯಾಚರಣ ವ್ಯವಸ್ಥೆ

ಕಂಪ್ಯೂಟರಿನ ಒಳಗಿನ ಹಾರ್ಡ್‌ಡಿಸ್ಕನ್ನು ಅವಲಂಬಿಸದೆ ಸಿ.ಡಿ., ಪೆನ್‌ಡ್ರೈವ್ ಅಥವಾ ಹೊರಗಿನ ಡಿಸ್ಕಿನಿಂದಲೇ ಶುರುವಾಗುವ, ಯಂತ್ರದಿಂದ ಯಂತ್ರಕ್ಕೆ ಒಯ್ಯಬಹುದಾದ ಕಾರ್ಯಾಚರಣ ವ್ಯವಸ್ಥೆ.

ಇವುಗಳಲ್ಲಿ ಮೊದಲನೆಯದು ಯಾವುದೆಂಬುದಕ್ಕೆ ಒಂದೊಂದು ಬರಹದಲ್ಲಿ ಒಂದೊಂದು ಉತ್ತರ ಸಿಗುತ್ತದೆ. ಹೊರಗಿನಿಂದ ಶುರುವಾಗುವುದಷ್ಟೇ ಲಕ್ಷಣವಾದರೆ 1981ರ ಐಬಿಎಂ ಪಿಸಿಯನ್ನೇ ಹೆಸರಿಸಬೇಕು. ಹಾರ್ಡ್‌ಡಿಸ್ಕ್ ಇಲ್ಲದ ಆ ಯಂತ್ರಕ್ಕೆ ಡಾಸ್ ಬರುತ್ತಿದ್ದದ್ದು ಫ್ಲಾಪಿಯಿಂದ. ಸಿ.ಡಿ.ಯಿಂದ ಓಡುವ ಲಿನಕ್ಸ್ ಎಂದರೆ 1992ರ ಇಗ್‌ಡ್ರಸಿಲ್. ಆದರೆ ಆಗಿನ ಪಿಸಿಗಳು ಸಿ.ಡಿ.ಯಿಂದ ನೇರವಾಗಿ ಬೂಟ್ ಆಗುತ್ತಿರಲಿಲ್ಲ, ಅದಕ್ಕೂ ಒಂದು ಫ್ಲಾಪಿ ಬೇಕಿತ್ತು. ಆ ತೊಡಕು ಬಿಡಿಸಿದ್ದು 1995ರ ಎಲ್ ಟೊರಿಟೊ ಮಾನಕ.

ಅದಕ್ಕಿಂತ ದೊಡ್ಡ ತೊಡಕು ಬೇರೆಯೇ ಇತ್ತು. ಗ್ರಾಫಿಕ್ಸ್ ಕಾರ್ಡ್, ಸೌಂಡ್ ಕಾರ್ಡ್‌ಗಳನ್ನು ಇನ್‌ಸ್ಟಾಲ್ ಮಾಡುವಾಗ ಒಮ್ಮೆ ಗುರುತಿಸಿ ಬರೆದಿಟ್ಟುಕೊಳ್ಳುವುದು ಅಂದಿನ ರೂಢಿ; ಯಂತ್ರ ಬದಲಾದರೆ ಆ ಬರಹ ಕೆಲಸಕ್ಕೆ ಬಾರದು. ಜರ್ಮನಿಯ ಕ್ಲೌಸ್ ಕ್ನಾಪರ್ 2000ದಲ್ಲಿ ಹೊರತಂದ ಲಿನಕ್ಸ್ ಆವೃತ್ತಿ ಕ್ನಾಪಿಕ್ಸ್ ಪ್ರತಿ ಸಲ ಶುರುವಾಗುವಾಗಲೂ ಯಂತ್ರಾಂಶವನ್ನು ಹೊಸದಾಗಿ ಗುರುತಿಸಿತು. ಸುಮಾರು 2 ಜಿಬಿ ತಂತ್ರಾಂಶವನ್ನು ಕುಗ್ಗಿಸಿ 700 ಎಂಬಿಯ ಸಿ.ಡಿ.ಯಲ್ಲಿ ಇಟ್ಟುಕೊಂಡು, ಬೇಕಾದ ತುಣುಕನ್ನಷ್ಟೇ ಬಿಡಿಸಿ ಓದಿತು. ಕಾಲದಲ್ಲಿ ಮೊದಲನೆಯದಲ್ಲದಿದ್ದರೂ ಈ ಚರಿತ್ರೆಯ ನಿಜವಾದ ತಿರುವು ಅದೇ.

ಸಿ.ಡಿ.ಯಿಂದ ಓಡಿಸುವಾಗ ಮಾಡಿದ ಬದಲಾವಣೆ ಯಂತ್ರ ಆರಿಸಿದೊಡನೆ ಅಳಿಯುತ್ತಿತ್ತು. ಪೆನ್‌ಡ್ರೈವ್ ಬಂದ ಮೇಲೆ ಮೂಲ ವ್ಯವಸ್ಥೆ ಕೆಳಪದರದಲ್ಲಿ ಹಾಗೇ ಉಳಿದು, ಬಳಕೆದಾರರ ಕಡತಗಳು ಮೇಲ್ಪದರದಲ್ಲಿ ಉಳಿಯುವ ಏರ್ಪಾಡು ಬಂತು. ಪಪ್ಪಿ, ಸ್ಲ್ಯಾಕ್ಸ್, ಫೆಡೋರಾ ಎಂಬ ಲಿನಕ್ಸ್ ಆವೃತ್ತಿಗಳು ಇದನ್ನು ಹರಡಿದವು. 2009ರಲ್ಲಿ ಶುರುವಾದ ಟೈಲ್ಸ್ ಮಾತ್ರ ಗೋಪ್ಯತೆಗಾಗಿ, ಬಳಸುವವರು ಕೇಳಿದರಷ್ಟೇ ಏನನ್ನಾದರೂ ಉಳಿಸುತ್ತದೆ.

ಮೈಕ್ರೋಸಾಫ್ಟ್ 2012ರಲ್ಲಿ ವಿಂಡೋಸ್ 8 ಎಂಟರ್‌ಪ್ರೈಸ್ ಜತೆ ತಂದ ವಿಂಡೋಸ್ ಟು ಗೋ ಬೇರೆ ದಾರಿ ಹಿಡಿಯಿತು. ಹೊಸ ಯಂತ್ರಕ್ಕೆ ಚುಚ್ಚಿದಾಗ ಒಮ್ಮೆ ಡ್ರೈವರ್‌ಗಳನ್ನು ಹಾಕಿಕೊಂಡು, ಮತ್ತೆ ಅಲ್ಲಿಗೆ ಬಂದಾಗ ಆ ಯಂತ್ರವನ್ನು ನೆನಪಿನಿಂದ ಗುರುತಿಸುತ್ತಿತ್ತು. ಓಡುತ್ತಿರುವಾಗ ಡ್ರೈವ್ ಕಿತ್ತರೆ ಪರದೆ ಸ್ತಬ್ಧವಾಗುತ್ತಿತ್ತು. 60 ಸೆಕೆಂಡಿನೊಳಗೆ ಮರಳಿ ಚುಚ್ಚದಿದ್ದರೆ ಯಂತ್ರವೇ ಆರುತ್ತಿತ್ತು. ದೊಡ್ಡ ಅಪ್‌ಡೇಟ್‌ಗಳನ್ನು ತೆಗೆದುಕೊಳ್ಳಲಾರದ್ದೂ, ಅದಕ್ಕೆ ಬೇಕಾದ ಬಗೆಯ ಡ್ರೈವ್‌ಗಳನ್ನು ತಯಾರಕರು ಕೈಬಿಟ್ಟದ್ದೂ ಅದನ್ನು ಮುಗಿಸಿದವು. 2020ರ ವಿಂಡೋಸ್ 10 ಆವೃತ್ತಿಯಲ್ಲಿ ಅದಿಲ್ಲ.

ಇನ್‌ಸ್ಟಾಲ್ ಮಾಡದೆ ನೇರವಾಗಿ ಓಡುವ ಲೈವ್ ಪೆನ್‌ಡ್ರೈವ್ ಮತ್ತು ಹೊರಗಿನ ಡಿಸ್ಕಿಗೆ ಪೂರ್ತಿ ಇನ್‌ಸ್ಟಾಲ್ ಮಾಡಿದ ಲಿನಕ್ಸ್ ಇವೆರಡನ್ನೂ ಹಲವು ಕೈಪಿಡಿಗಳು ಒಂದೇ ಎಂಬಂತೆ ವಿವರಿಸುತ್ತವೆ. ಎರಡನೆಯದರಲ್ಲಿ, ವ್ಯವಸ್ಥೆಯನ್ನು ಶುರುಮಾಡುವ ಬೂಟ್‌ಲೋಡರ್ ಕಣ್ತಪ್ಪಿ ಒಳಗಿನ ಡಿಸ್ಕಿಗೆ ಹೋಗಿ ಕೂರಬಹುದು; ಆಗ ಹೊರ ಡಿಸ್ಕ್ ಕಿತ್ತ ಮೇಲೆ ಆ ಕಂಪ್ಯೂಟರ್ ಶುರುವಾಗದೇ ಹೋಗಬಹುದು. ಆದ್ದರಿಂದ ಇನ್‌ಸ್ಟಾಲ್ ಒತ್ತುವ ಮುನ್ನ ಬೂಟ್‌ಲೋಡರ್ ಯಾವ ಡಿಸ್ಕಿಗೆ ಹೋಗುತ್ತಿದೆ ಎಂದು ನೋಡಿಕೊಳ್ಳಬೇಕು.