ಅಂಡಾಣು ಪಕ್ವತೆ

ಅಂಡಾಶಯದ ಫಾಲಿಕಲ್ ಎಂಬ ದ್ರವಕೋಶದೊಳಗಿನ ಅಂಡಾಣು ವೀರ್ಯಾಣುವಿನೊಂದಿಗೆ ಕೂಡಿ ಭ್ರೂಣವಾಗಿ ಬೆಳೆಯಲು ಶಕ್ತವಾಗುವ ಸ್ಥಿತಿಯೇ ಅಂಡಾಣು ಪಕ್ವತೆ. ಹೆಣ್ಣುಶಿಶು ಹುಟ್ಟುವ ಮೊದಲೇ ಅರ್ಧಕ್ಕೆ ನಿಂತ ಮಿಯಾಸಿಸ್, ಅಂದರೆ ವರ್ಣತಂತುಗಳ ಸಂಖ್ಯೆಯನ್ನು 46ರಿಂದ 23ಕ್ಕೆ ಇಳಿಸುವ ವಿಭಜನೆ, ಪ್ರೌಢವಯಸ್ಸಿನಲ್ಲಿ ಹಾರ್ಮೋನಿನ ಪ್ರಚೋದನೆಯಿಂದ ಮುಂದುವರಿದು, ಧ್ರುವಕಾಯವೆಂಬ ಪುಟ್ಟ ಕೋಶ ಹೊರಬೀಳುವುದು ಕೋಶಕೇಂದ್ರದ ಪಕ್ವತೆ. ಪ್ರೋಟೀನು, ಆರ್‌ಎನ್‌ಎ, ಮೈಟೊಕಾಂಡ್ರಿಯಗಳು ಸಜ್ಜಾಗುವುದು ಕೋಶದ್ರವ್ಯದ ಪಕ್ವತೆ. ಮೊದಲನೆಯದು ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ, ಎರಡನೆಯದು ಕಾಣುವುದಿಲ್ಲ; ಸಂತಾನಹೀನತೆಯ ಚಿಕಿತ್ಸೆಯ ನಿಜವಾದ ತೊಡಕು ಇರುವುದು ಇಲ್ಲಿಯೇ. ಭ್ರೂಣವು ನಾಲ್ಕರಿಂದ ಎಂಟು ಕೋಶಗಳ ಹಂತ ಮುಟ್ಟಿ ತನ್ನದೇ ವಂಶವಾಹಿಗಳು ಚುರುಕಾಗುವ ತನಕ ತಾಯಿಯ ಅಂಡಾಣುವಿನ ದಾಸ್ತಾನಿನಲ್ಲೇ ನಡೆಯುವುದರಿಂದ, ಕೋಶದ್ರವ್ಯ ಅಪಕ್ವವಾಗಿದ್ದರೆ ಫಲೀಕರಣ ಕೈಗೂಡಿದರೂ ಬೆಳವಣಿಗೆ ನಡುವೆಯೇ ನಿಂತು, ಐದನೆಯ ದಿನದ ಬ್ಲಾಸ್ಟೊಸಿಸ್ಟ್ ಹಂತ ತಲುಪದಿರಬಹುದು.

ದೇಹದ ಹೊರಗೆ ಫಲೀಕರಣ ನಡೆಸುವ ಐವಿಎಫ್ ಚಿಕಿತ್ಸೆಯಲ್ಲಿ ಪಕ್ವತೆಯನ್ನು ಪೂರ್ಣಗೊಳಿಸುವ ಚುಚ್ಚುಮದ್ದು ಕೊಟ್ಟ 34–36 ಗಂಟೆಗಳ ಬಳಿಕ ಅಂಡಾಣುಗಳನ್ನು ಸೂಜಿಯಿಂದ ಹೀರಿ ತೆಗೆಯುತ್ತಾರೆ. 1992ರಲ್ಲಿ ವರದಿಯಾದ ಇಕ್ಸಿ ವಿಧಾನದಲ್ಲಿ, ಸುತ್ತಲಿನ ಕೋಶಗಳನ್ನು ಕಿಣ್ವದಿಂದ ಬಿಡಿಸಿ, ಧ್ರುವಕಾಯ ಕಂಡ ಅಂಡಾಣುವಿಗೆ ಮಾತ್ರ ಒಂದೊಂದು ವೀರ್ಯಾಣುವನ್ನು ಚುಚ್ಚುವುದು ರೂಢಿ. ಪ್ರಯೋಗಾಲಯದಲ್ಲಿ ತಡವಾಗಿ ಪಕ್ವವಾದವುಗಳಿಂದ ಒಳ್ಳೆಯ ಭ್ರೂಣ ದೊರೆಯುವ ಸಂಭವ ಕಡಿಮೆ. ಉಡುಪಿ ಜಿಲ್ಲೆಯಲ್ಲಿ ಮಣಿಪಾಲವು ಈ ಚಿಕಿತ್ಸೆಗೂ ಭ್ರೂಣವಿಜ್ಞಾನದ ಸ್ನಾತಕೋತ್ತರ ಶಿಕ್ಷಣಕ್ಕೂ ನೆಲೆಯಾಗಿದೆ. ಭಾರತದಲ್ಲಿ ಇಂಥ ಚಿಕಿತ್ಸಾ ಕೇಂದ್ರಗಳು 2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆಯಡಿ ನೋಂದಣಿಯಾಗಬೇಕು.