ಹಾಲು ಉತ್ಪಾದಕರಿಗೆ ಪ್ರೋತ್ಸಾಹಧನ: ಅರ್ಹತೆ, ನೋಂದಣಿ ಹಾಗೂ ಪಾವತಿ ವಿಧಾನ

ಪೀಠಿಕೆ

ರಾಜ್ಯದ ಹಾಲು ಉತ್ಪಾದಕರ ಸಹಕಾರ ಸಂಘಗಳಿಗೆ ಹಾಲು ಪೂರೈಸುವ ರೈತರಿಗೆ ಕರ್ನಾಟಕ ಸರ್ಕಾರವು 2008ರಿಂದ ಪ್ರೋತ್ಸಾಹಧನ ನೀಡುತ್ತಿದೆ. ಆರಂಭದಲ್ಲಿ ಪ್ರತಿ ಲೀಟರಿಗೆ 2 ರೂಪಾಯಿ ಇದ್ದ ಈ ಮೊತ್ತವನ್ನು 2013ರಲ್ಲಿ 4 ರೂಪಾಯಿಗೆ, ಅನಂತರ 5 ರೂಪಾಯಿಗೆ ಹೆಚ್ಚಿಸಲಾಯಿತು. ಲೀಟರಿಗೆ 5 ರೂಪಾಯಿ ದರದಲ್ಲಿ ದಿನಕ್ಕೆ 10 ಲೀಟರ್ ಹಾಲು ಹಾಕುವ ಕುಟುಂಬಕ್ಕೆ 30 ದಿನಗಳ ತಿಂಗಳಿಗೆ 1,500 ರೂಪಾಯಿ ದೊರೆಯುತ್ತದೆ.

ಹಾಲಿನ ದರವೇ ಬೇರೆ, ಪ್ರೋತ್ಸಾಹಧನವೇ ಬೇರೆ. ಹಾಲಿನ ದರವನ್ನು ಜಿಲ್ಲಾ ಹಾಲು ಒಕ್ಕೂಟವು ನಿಗದಿಪಡಿಸಿ ಸಂಘದ ಮೂಲಕ ಪಾವತಿಸುತ್ತದೆ. ಪ್ರೋತ್ಸಾಹಧನವನ್ನು ಸರ್ಕಾರವು ಆಯವ್ಯಯದ ಅನುದಾನದಿಂದ ಉತ್ಪಾದಕರ ಬ್ಯಾಂಕ್ ಖಾತೆಗೆ ನೇರವಾಗಿ ಜಮೆ ಮಾಡುತ್ತದೆ. ಆದ್ದರಿಂದ ಸಂಘದ ಬಟವಾಡೆಯಲ್ಲಿ ಈ ಮೊತ್ತ ಸೇರಿರುವುದಿಲ್ಲ.

ಅರ್ಹತೆ

1. ಅರ್ಜಿದಾರರು ಪ್ರಾಥಮಿಕ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಸ್ವಂತ ರಾಸುಗಳ ಹಾಲನ್ನು ಪೂರೈಸುವವರಾಗಿರಬೇಕು.
2. ಹಾಲು ನಿಗದಿತ ಗುಣಮಟ್ಟದ್ದಾಗಿರಬೇಕು. ಜಿಡ್ಡಿನಂಶ ಹಾಗೂ ಜಿಡ್ಡೇತರ ಘನಾಂಶವನ್ನು ಸಂಘದಲ್ಲಿಯೇ ಪರೀಕ್ಷಿಸಲಾಗುತ್ತದೆ.
3. ಖಾಸಗಿ ಡೇರಿಗಳಿಗೆ ಅಥವಾ ಮನೆಗಳಿಗೆ ನೇರವಾಗಿ ಮಾರಿದ ಹಾಲಿಗೆ ಪ್ರೋತ್ಸಾಹಧನ ಅನ್ವಯಿಸುವುದಿಲ್ಲ.

ಸಲ್ಲಿಸಬೇಕಾದ ದಾಖಲೆಗಳು

1. ಆಧಾರ್ ಕಾರ್ಡಿನ ಪ್ರತಿ
2. ಬ್ಯಾಂಕ್ ಪಾಸ್‌ಬುಕ್‌ನ ಮೊದಲ ಪುಟದ ಪ್ರತಿ
3. ಪರಿಶಿಷ್ಟ ಜಾತಿ ಅಥವಾ ಪರಿಶಿಷ್ಟ ಪಂಗಡಕ್ಕೆ ಸೇರಿದವರಾಗಿದ್ದಲ್ಲಿ ಜಾತಿ ಪ್ರಮಾಣಪತ್ರ

ದಾಖಲೆಗಳನ್ನು ಸಂಘದ ಕಾರ್ಯದರ್ಶಿಗಳಿಗೆ ಸಲ್ಲಿಸತಕ್ಕದ್ದು. ಹಾಲು ಯಾರ ಹೆಸರಿನಲ್ಲಿ ದಾಖಲಾಗುತ್ತದೆಯೋ ಅವರದೇ ಆಧಾರ್ ಹಾಗೂ ಖಾತೆಯನ್ನು ನೀಡಬೇಕು. ಮನೆಯ ಮಹಿಳೆ ಹಸು ಸಾಕಿ ಹಾಲು ಹಾಕುತ್ತಿದ್ದು, ಲೆಕ್ಕ ಮಾತ್ರ ಪತಿಯ ಹೆಸರಿನಲ್ಲಿದ್ದರೆ ಹಣವೂ ಪತಿಯ ಖಾತೆಗೇ ಹೋಗುತ್ತದೆ. ಅಂತಹ ಸಂದರ್ಭದಲ್ಲಿ ಮಹಿಳೆಯು ತಮ್ಮ ಹೆಸರಿನಲ್ಲಿ ಸದಸ್ಯತ್ವ ಪಡೆದು ಹಾಲು ಹಾಕುವುದು ಸೂಕ್ತ.

ಹಣ ಜಮೆಯಾಗದಿದ್ದಲ್ಲಿ

1. ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ಬ್ಯಾಂಕಿನಲ್ಲಿ ಪರಿಶೀಲಿಸಿಕೊಳ್ಳಬೇಕು. ಬ್ಯಾಂಕಿಗೆ ಆಧಾರ್ ಪ್ರತಿ ಕೊಟ್ಟ ಮಾತ್ರಕ್ಕೆ ಸಾಲದು; ನೇರ ನಗದು ವರ್ಗಾವಣೆಗಾಗಿ ಜೋಡಿಸುವಂತೆ ಲಿಖಿತ ಒಪ್ಪಿಗೆ ನೀಡಬೇಕು.
2. ಒಂದಕ್ಕಿಂತ ಹೆಚ್ಚು ಖಾತೆಗಳಿದ್ದಲ್ಲಿ, ಆಧಾರ್ ಆಧಾರಿತ ಪಾವತಿಯು ಕೊನೆಯದಾಗಿ ಜೋಡಣೆಯಾದ ಖಾತೆಗೆ ಹೋಗುತ್ತದೆ. ಹಣ ಬಂದಿಲ್ಲವೆಂದು ತಿಳಿಯುವ ಮೊದಲು ಉಳಿದ ಪಾಸ್‌ಬುಕ್‌ಗಳನ್ನೂ ನಮೂದು ಮಾಡಿಸಿ ನೋಡಬೇಕು.
3. ಬಹುಕಾಲ ವ್ಯವಹಾರ ನಡೆಸದೆ ನಿಷ್ಕ್ರಿಯಗೊಂಡ ಖಾತೆಯನ್ನು ಬ್ಯಾಂಕಿನಲ್ಲಿ ಪುನಃ ಚಾಲ್ತಿಗೊಳಿಸಿಕೊಳ್ಳಬೇಕು.
4. ವಿಜಯ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಹಾಗೂ ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ಇತರ ಬ್ಯಾಂಕುಗಳಲ್ಲಿ ವಿಲೀನಗೊಂಡಿವೆ. 2025ರಲ್ಲಿ ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು ಒಂದಾಗಿವೆ. ಈ ಬ್ಯಾಂಕುಗಳಲ್ಲಿ ಖಾತೆ ಇದ್ದವರು ಸಂಘದಲ್ಲಿರುವ ತಮ್ಮ ವಿವರಗಳನ್ನು ಪರಿಶೀಲಿಸಿಕೊಳ್ಳಬೇಕು.
5. ಆಧಾರ್ ಹಾಗೂ ಸಂಘದ ದಾಖಲೆಗಳಲ್ಲಿ ಹೆಸರು ಒಂದೇ ರೀತಿ ಇರಬೇಕು.

ಪ್ರೋತ್ಸಾಹಧನವು ಅನುದಾನ ಬಿಡುಗಡೆಯಾದಂತೆ ಪಾವತಿಯಾಗುವುದರಿಂದ, ಈಗ ಜಮೆಯಾದ ಮೊತ್ತವು ಹಿಂದಿನ ತಿಂಗಳುಗಳದ್ದಾಗಿರಬಹುದು. ಸಾಮಾನ್ಯ ವರ್ಗ, ಪರಿಶಿಷ್ಟ ಜಾತಿ ಹಾಗೂ ಪರಿಶಿಷ್ಟ ಪಂಗಡಗಳ ಅನುದಾನ ಬೇರೆ ಬೇರೆ ಲೆಕ್ಕ ಶೀರ್ಷಿಕೆಗಳಲ್ಲಿರುವುದರಿಂದ, ಒಂದೇ ಸಂಘದ ಸದಸ್ಯರಿಗೂ ಬೇರೆ ಬೇರೆ ದಿನಗಳಲ್ಲಿ ಹಣ ಬರುವುದುಂಟು. ಹಾಲು ಹಾಕಿದ ಚೀಟಿಗಳನ್ನು ಜೋಪಾನವಾಗಿಟ್ಟುಕೊಂಡರೆ ಯಾವ ತಿಂಗಳ ಬಾಕಿ ಎಷ್ಟು ಎಂಬುದನ್ನು ತಾಳೆ ನೋಡಬಹುದು.

ಸದಸ್ಯರು ಮೃತಪಟ್ಟಲ್ಲಿ ವಾರಸುದಾರರು ಮರಣ ಪ್ರಮಾಣಪತ್ರದೊಂದಿಗೆ ಸಂಘಕ್ಕೆ ತಿಳಿಸಿ, ತಮ್ಮ ಹೆಸರಿನಲ್ಲಿ ನೋಂದಾಯಿಸಿಕೊಂಡ ನಂತರ ಹಾಲು ಹಾಕುವುದನ್ನು ಮುಂದುವರಿಸಬೇಕು.

ದೂರು ಹಾಗೂ ಮಾಹಿತಿ

ಮೊದಲು ಸಂಘದ ಕಾರ್ಯದರ್ಶಿಗಳನ್ನು, ಪರಿಹಾರ ದೊರೆಯದಿದ್ದಲ್ಲಿ ಹಾಲು ಒಕ್ಕೂಟದ ವಿಸ್ತರಣಾಧಿಕಾರಿಗಳನ್ನು, ತದನಂತರ ಜಿಲ್ಲೆಯ ಪಶುಪಾಲನಾ ಇಲಾಖೆಯ ಉಪನಿರ್ದೇಶಕರನ್ನು ಲಿಖಿತವಾಗಿ ಸಂಪರ್ಕಿಸಬಹುದು. ದೂರಿನ ಪ್ರತಿಗೆ ಸ್ವೀಕೃತಿ ಪಡೆಯಬೇಕು. ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ 10 ರೂಪಾಯಿ ಶುಲ್ಕದೊಂದಿಗೆ ಇಲಾಖೆಗೆ ಅರ್ಜಿ ಸಲ್ಲಿಸಿದಲ್ಲಿ, 30 ದಿನಗಳೊಳಗೆ ಉತ್ತರ ಪಡೆಯುವ ಹಕ್ಕು ಪ್ರತಿಯೊಬ್ಬ ನಾಗರಿಕರಿಗೂ ಇದೆ.